ಲೋಹದ ಡೈನೋಸಾರ್‌ಗೆ ಯಾವ ಬಣ್ಣ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಉಕ್ಕಿನ ತಗಡನ್ನು ಬೆಸೆದು ಮಾಡಿದ ಟೈರನೋಸಾರಸ್ ಪ್ರತಿಮೆಗೆ ನಾನೂ ಮಗಳೂ ಸೇರಿ ಅಕ್ರಿಲಿಕ್ ಬಣ್ಣ ಹಚ್ಚಿದೆವು. ಕೆಲವೇ ವಾರಗಳಲ್ಲಿ ಬೆನ್ನಿನ ಮೇಲೆ ಬಣ್ಣ ಸಿಪ್ಪೆ ಎದ್ದಿದೆ, ಬೆಸುಗೆಯ ಗೆರೆಗಳುದ್ದಕ್ಕೂ ಕಂದು ಕಲೆ ಇಳಿದಿದೆ. ಬಣ್ಣವೇ ಕಳಪೆಯೋ, ಹಚ್ಚಿದ ಕ್ರಮ ಸರಿಯಿಲ್ಲವೋ?

ಉತ್ತರ: ಕ್ರಮದಲ್ಲೇ ತೊಡಕಿರುವಂತಿದೆ. ಅಕ್ರಿಲಿಕ್ ನೀರು ಬೆರೆತ ಬಣ್ಣವಾದ್ದರಿಂದ ಬರಿಯ ಉಕ್ಕಿನ ಮೇಲೆ ಹಚ್ಚಿದಾಗ ಅದು ಆರುವ ಮೊದಲೇ ಒಳಗಿನ ನೀರು ತುಕ್ಕಿನ ಚುಕ್ಕೆಗಳನ್ನು ಎಬ್ಬಿಸುತ್ತದೆ, ಮುಂದೆ ಆ ತುಕ್ಕು ಹಿಗ್ಗುತ್ತ ಮೇಲಿನ ಪದರವನ್ನು ಅಡಿಯಿಂದಲೇ ಎತ್ತಿಬಿಡುತ್ತದೆ. ಬೆಸುಗೆಯ ಜಾಗ ಇನ್ನೂ ದುರ್ಬಲ. ಅಲ್ಲಿ ಸಿಡಿದು ಅಂಟಿದ ಲೋಹದ ಹನಿಗಳೂ ಗಾಜಿನಂಥ ಕಿಟ್ಟವೂ ಸೂಜಿಮೊನೆಯಷ್ಟು ಗುಳಿಗಳೂ ಇರುತ್ತವೆ. ಗುಳಿಯಲ್ಲಿ ಉಳಿದ ತೇವದ ಮೇಲೆ ಬಣ್ಣ ಬಳಿದರೆ ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ.

ಸಡಿಲವಾದ ಬಣ್ಣವನ್ನೆಲ್ಲ ತೆಗೆದು, ಬೆಸುಗೆಯ ಗೆರೆಗಳನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ, ಇಡೀ ಮೈಯನ್ನು ಮೊದಲು 120ರ, ಬಳಿಕ 220ರ ಎಮರಿ ಕಾಗದದಿಂದ ಉಜ್ಜಿ, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ಒರೆಸಿ ತೆಗೆಯಿರಿ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು; ಬೆರಳಿನ ಬೆವರು ಮತ್ತು ಜಿಡ್ಡು ಕೂಡ ಬಣ್ಣವನ್ನು ಹಿಡಿಯಗೊಡುವುದಿಲ್ಲ. ಅದೇ ದಿನ ತುಕ್ಕು ತಡೆಯುವ ಅಡಿಬಣ್ಣವಾದ ಜಿಂಕ್ ಫಾಸ್ಫೇಟ್ ಪ್ರೈಮರನ್ನು ತೆಳುವಾಗಿ ಎರಡು ಸಲ ಹಚ್ಚಿ, ಅದು ಪೂರ್ತಿ ಆರಿದ ಬಳಿಕ ಅಕ್ರಿಲಿಕ್ ಬಳಸಿದರೆ ಯಾವ ತೊಂದರೆಯೂ ಇಲ್ಲ. ಸಾಧ್ಯವಾದರೆ ಬೂದು ಬಣ್ಣದ ಪ್ರೈಮರನ್ನೇ ಆರಿಸಿಕೊಳ್ಳಿ. ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರತಿಮೆ ಸತುವಿನ ಲೇಪವಿರುವ ಗ್ಯಾಲ್ವನೈಸ್ಡ್ ತಗಡಿನದಾಗಿದ್ದರೆ ಮಾತ್ರ ಎಣ್ಣೆ ಆಧಾರಿತ ಎನಾಮೆಲನ್ನು ನೇರವಾಗಿ ಹಚ್ಚಬೇಡಿ. ಸತು ಆ ಎಣ್ಣೆಯ ಅಂಶದೊಡನೆ ವರ್ತಿಸಿ ನಡುವೆ ಸಾಬೂನಿನಂಥ ಪದರವೊಂದನ್ನು ಉಂಟುಮಾಡುವುದರಿಂದ ಬಣ್ಣ ಹಾಳೆ ಹಾಳೆಯಾಗಿ ಕಳಚಿಕೊಳ್ಳುತ್ತದೆ. ಅದಕ್ಕೆಂದೇ ತಯಾರಾದ, ಲೋಹದ ಮೈಯನ್ನು ತುಸು ಕೊರೆದು ಅಂಟಿಕೊಳ್ಳುವ ಎಚ್ (etch) ಪ್ರೈಮರ್ ಬೇಕು. ಅಲ್ಯೂಮಿನಿಯಮ್ಮಿಗೂ ಇದೇ ಸಲಹೆ.

ಪ್ರಶ್ನೆ: ಡೈನೋಸಾರ್‌ಗಳ ಬಣ್ಣ ಯಾರಿಗೂ ಗೊತ್ತಿಲ್ಲವೆಂದು ಕೇಳಿದ್ದೇನೆ. ಹಾಗಿದ್ದ ಮೇಲೆ ಯಾವ ಬಣ್ಣ ಬಳಿದರೂ ಸರಿಯೇ ಅಲ್ಲವೇ? ಇದರಲ್ಲಿ ಕಲಿಕೆ ಎಲ್ಲಿ ಬಂತು?

ಉತ್ತರ: 'ಯಾರಿಗೂ ಗೊತ್ತಿಲ್ಲ' ಎಂಬ ಮಾತು 2010ರವರೆಗೆ ಹೆಚ್ಚುಕಡಿಮೆ ನಿಜವಾಗಿತ್ತು. ಆ ವರ್ಷ ಚೀನಾದಲ್ಲಿ ದೊರೆತ ಸೈನೋಸಾರಾಪ್ಟೆರಿಕ್ಸ್ ಪಳೆಯುಳಿಕೆಯ ಗರಿಯಂಥ ಎಳೆಗಳಲ್ಲಿ ಮೆಲನೋಸೋಮ್‌ಗಳೆಂಬ, ಬಣ್ಣವನ್ನು ಹೊತ್ತಿರುವ ಅತಿಸೂಕ್ಷ್ಮ ಕಣಗಳು ಗುರುತಾದವು. ಈ ಕಣ ಕೋಲಿನಂತೆ ಉದ್ದವಾಗಿದ್ದರೆ ಕಪ್ಪು ಛಾಯೆ, ದುಂಡಗಿದ್ದರೆ ಕೆಂಗಂದು ಎಂಬುದು ಇಂದಿನ ಹಕ್ಕಿಗಳ ಗರಿಗಳಿಂದ ತಿಳಿದಿತ್ತು. ಆ ಲೆಕ್ಕದ ಪ್ರಕಾರ ಸೈನೋಸಾರಾಪ್ಟೆರಿಕ್ಸ್‌ಗೆ ಕೆಂಗಂದು ಮೈಯೂ ಬಿಳಿ ಪಟ್ಟೆಗಳ ಬಾಲವೂ ಇದ್ದವು. ಅದೇ ವರ್ಷ ಆಂಕಿಆರ್ನಿಸ್‌ನ ಕಪ್ಪು-ಬಿಳಿ ಗರಿಗಳೂ ಕೆಂಪು ಛಾಯೆಯ ಜುಟ್ಟೂ, 2012ರಲ್ಲಿ ಮೈಕ್ರೊರಾಪ್ಟರ್‌ನ ಮಿರುಗುವ ಕಪ್ಪೂ ಬೆಳಕಿಗೆ ಬಂದವು. ನಿಮ್ಮ ಪ್ರತಿಮೆ ಈ ಪ್ರಾಣಿಗಳಲ್ಲಿ ಒಂದರದಾಗಿದ್ದರೆ ಅದಕ್ಕೆ ಹಸಿರು ಬಳಿಯುವುದು ಅಜ್ಞಾನವಲ್ಲದೆ ಕಲ್ಪನೆ ಎನಿಸಿಕೊಳ್ಳುವುದಿಲ್ಲ. ಆದರೆ ಆ ಕಣಗಳಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಹೇಳುವುದು ಕಪ್ಪು, ಬೂದು, ಕಂದು, ಕೆಂಗಂದುಗಳ ಕಥೆಯನ್ನು ಮಾತ್ರ. ಹಳದಿ ಮತ್ತು ಉಜ್ವಲ ಕೆಂಪಿಗೆ ಕಾರಣವಾಗುವ ಇತರ ವರ್ಣದ್ರವ್ಯಗಳು ಪಳೆಯುಳಿಕೆಯಲ್ಲಿ ಉಳಿಯುವುದು ಬಹಳ ಅಪರೂಪ.

ಇನ್ನು ಕಲಿಕೆಯ ಪ್ರಶ್ನೆ. ಜರ್ಮನಿಯ ಫ್ರಾಂಕ್‌ಫರ್ಟ್‌ನ ಸೆಂಕೆನ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿರುವ ಸಿಟಾಕೋಸಾರಸ್ ಎಂಬ ಡೈನೋಸಾರ್‌ನ ಪಳೆಯುಳಿಕೆಯಲ್ಲಿ ಚರ್ಮದ ಛಾಯೆಗಳೂ ಉಳಿದಿದ್ದು, ಅದರ ಬೆನ್ನು ಗಾಢ, ಹೊಟ್ಟೆ ತಿಳಿ ಎಂಬುದು ಕಾಣುತ್ತದೆ. ಬಿಸಿಲು ಮೇಲಿನಿಂದ ಬಿದ್ದಾಗ ಬೆನ್ನು ಹೊಳೆದು ಹೊಟ್ಟೆ ನೆರಳಿಗೆ ಸರಿಯುತ್ತದೆ. ಬೆನ್ನೇ ಗಾಢವಾಗಿದ್ದರೆ ಆ ವ್ಯತ್ಯಾಸ ಅಳಿದು, ಪ್ರಾಣಿಯ ಉಬ್ಬುತಗ್ಗು ಮಾಯವಾಗಿ, ಬೇಟೆಗಾರನ ಕಣ್ಣಿಗೆ ಅದು ಸುಲಭವಾಗಿ ಬೀಳುವುದಿಲ್ಲ. ಈ ತತ್ತ್ವವನ್ನು 1896ರಲ್ಲಿ ವಿವರಿಸಿದವನು ಆಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಾರ. 2016ರಲ್ಲಿ ಪಳೆಯುಳಿಕೆ ವಿಜ್ಞಾನಿ ಜೇಕಬ್ ವಿಂಥರ್ ಮತ್ತು ಸಂಗಡಿಗರು ಕಲಾವಿದ ರಾಬರ್ಟ್ ನಿಕೋಲ್ಸ್ ಮಾಡಿದ ಸಿಟಾಕೋಸಾರಸ್‌ನ ಪೂರ್ಣಗಾತ್ರದ ಪ್ರತಿಕೃತಿಗೆ ಬರಿಯ ಬೂದು ಬಣ್ಣ ಕೊಟ್ಟು, ತೆರೆದ ಆಕಾಶದಡಿಯಲ್ಲೂ ಮರಗಳ ಕೆಳಗೂ ಇಟ್ಟು ಛಾಯಾಚಿತ್ರ ತೆಗೆದರು. ಬಯಲಿನಲ್ಲಿ ನೆರಳಿನ ಅಂಚು ಚೂಪಾಗಿ ಬೀಳುತ್ತದೆ, ಮರದಡಿ ಅದು ಮೆಲ್ಲಗೆ ಕರಗುತ್ತದೆ. ಪಳೆಯುಳಿಕೆಯ ಮೇಲಿದ್ದ ಛಾಯೆ ಈ ಎರಡನೆಯ ಬೆಳಕಿಗೆ ಹೊಂದಿತು. ಆ ಪ್ರಾಣಿ ಮರಗಳ ನೆರಳಿನಲ್ಲಿ ಬಾಳಿತ್ತೆಂದು ಅವರು ತೀರ್ಮಾನಿಸಿದರು. ಅಂದರೆ ಪ್ರತಿಮೆಗೆ ಬಣ್ಣ ಬಳಿಯುವುದೇ ಇಲ್ಲಿ ಪ್ರಯೋಗವಾಗಿತ್ತು.

ಬೂದು ಪ್ರೈಮರ್ ಹಚ್ಚಿದ ನಿಮ್ಮ ಪ್ರತಿಮೆಯಿಂದ ಇದನ್ನೇ ಮಾಡಬಹುದು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ, ದಟ್ಟ ಮರದಡಿ ಒಮ್ಮೆ ಅದನ್ನು ನಿಲ್ಲಿಸಿ, ಪಕ್ಕೆಯ ಮೇಲೆ ನೆರಳು ಎಲ್ಲಿ ಶುರುವಾಗುತ್ತದೆಂದು ಮಗಳಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಲು ಹೇಳಿ. ಪ್ರಾಣಿ ಎಲ್ಲಿ ವಾಸಿಸುತ್ತಿತ್ತೆಂದು ಅವಳು ನಿರ್ಧರಿಸಿದರೆ, ಗಾಢ ಬಣ್ಣ ಎಲ್ಲಿಯವರೆಗೆ ಇಳಿಯಬೇಕೆಂಬುದನ್ನು ಆ ಗೆರೆ ತೋರಿಸುತ್ತದೆ. ಬಣ್ಣ ಬಳಿಯುವ ಮೊದಲು ಸೀಮೆಸುಣ್ಣವನ್ನು ಒರೆಸಿಬಿಡಿ.

ಪ್ರಶ್ನೆ: ಪುಟ್ಟ ಮಾದರಿಗಳಿಗೆ ಬಣ್ಣ ಹಚ್ಚುವವರು ಉಬ್ಬಿದ ಭಾಗವನ್ನು ತಿಳಿಯಾಗಿಸಿ ಕೆಳಭಾಗಕ್ಕೆ ಗಾಢ ಬಣ್ಣ ಕೊಡುತ್ತಾರೆ. ನೀವು ಹೇಳುವುದು ಅದಕ್ಕೆ ವಿರುದ್ಧವಲ್ಲವೇ?

ಉತ್ತರ: ವಿರುದ್ಧವೇ ಹೌದು. ಮಾದರಿಕಾರನಿಗೆ ಆಕೃತಿ ಎದ್ದು ಕಾಣಬೇಕು, ಪ್ರಾಣಿಗೆ ಅದು ಅಡಗಬೇಕು. ಥೇಯರ್ ಹೇಳಿದ ರೀತಿಯಲ್ಲೇ ಕಟ್ಟುನಿಟ್ಟಾಗಿ ಬಣ್ಣ ಹಚ್ಚಿದರೆ ನಿಮ್ಮ ಪ್ರತಿಮೆ ಹೊರಗಿನ ಬೆಳಕಿನಲ್ಲಿ ಚಪ್ಪಟೆಯಾಗಿ ತೋರಬಹುದು. ಬೇಸರಪಡಬೇಡಿ, ತಂತ್ರ ಫಲಿಸಿತೆಂದೇ ಅದರ ಅರ್ಥ. ಮೊದಲು ಗಾಢ-ತಿಳಿಗಳ ಮೂಲ ವಿನ್ಯಾಸವನ್ನು ಸ್ಪಂಜಿನ ಚೂರಿನಿಂದ ತಟ್ಟುತ್ತ ಮುಗಿಸಿ, ಆಮೇಲೆ ಬಣ್ಣವನ್ನೆಲ್ಲ ಹಳೆಯ ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿಸಿದ ಕುಂಚವನ್ನು ಹುರುಪೆಗಳ ಮೇಲೆ ಅಡ್ಡಲಾಗಿ ಹಗುರವಾಗಿ ಆಡಿಸಿದರೆ ಅಂಚುಗಳಷ್ಟೇ ಬಣ್ಣ ಹಿಡಿದು ಎರಡೂ ಉದ್ದೇಶ ಈಡೇರುತ್ತದೆ.

ಬೃಹತ್ ಪ್ರಾಣಿಗಳಿಗೆ ಈ ಮರೆಮಾಚುವಿಕೆ ಬೇಕೇ ಎಂಬುದು ಬೇರೆಯ ವಿಚಾರ. ಇಂದಿನ ಆನೆ, ಘೇಂಡಾಮೃಗಗಳಲ್ಲಿ ಇದು ಕಾಣುವುದಿಲ್ಲ. ಆದರೆ ಕೆನಡಾದ ಆಲ್ಬರ್ಟದಲ್ಲಿ 2011ರಲ್ಲಿ ದೊರೆತ ಬೊರಿಯಲೋಪೆಲ್ಟ, ಸುಮಾರು 1300 ಕಿಲೋ ತೂಗುತ್ತಿದ್ದ ಕವಚಧಾರಿಯಾಗಿದ್ದರೂ, ಕೆಂಗಂದು ಬೆನ್ನು ಮತ್ತು ತಿಳಿ ಹೊಟ್ಟೆಯದಾಗಿತ್ತೆಂದು 2017ರ ಅಧ್ಯಯನ ಹೇಳಿತು. ಅಷ್ಟು ದೊಡ್ಡ ಪ್ರಾಣಿಯೂ ಅಡಗಬೇಕಾಗಿದ್ದರೆ ಅದನ್ನು ತಿನ್ನುತ್ತಿದ್ದವುಗಳ ಗಾತ್ರವೆಷ್ಟಿದ್ದಿರಬೇಕೆಂದು ಮಕ್ಕಳೇ ಕೇಳುತ್ತಾರೆ, ನೋಡಿ.

ಪ್ರಶ್ನೆ: ಮಕ್ಕಳ ಕೈಗೆ ಈ ಕೆಲಸ ಕೊಡುವಾಗ ಯಾವ ಎಚ್ಚರಿಕೆ ಬೇಕು?

ಉತ್ತರ: ಉಜ್ಜುವುದು, ಟರ್ಪೆಂಟೈನ್ ಬಳಸುವುದು, ಸ್ಪ್ರೇ ಪ್ರೈಮರ್ ಸಿಂಪಡಿಸುವುದು ದೊಡ್ಡವರ ಕೆಲಸವಾಗಿರಲಿ, ಅದೂ ಗಾಳಿಯಾಡುವ ಜಾಗದಲ್ಲಿ, ಮುಖಗವಸಿನೊಂದಿಗೆ. ತಗಡಿನ ಚೂಪಾದ ಅಂಚುಗಳನ್ನು ಅರದಿಂದ ಮೊಂಡಾಗಿಸಿಕೊಳ್ಳಿ. ಹಿಂದೆಂದೋ ಬಣ್ಣ ಬಳಿದ ಹಳೆಯ ಪ್ರತಿಮೆಯಾದರೆ ಅದರ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಒಣಗಿದ್ದಾಗ ಉಜ್ಜಲೇಬಾರದು. ಅಂಥದ್ದನ್ನು ಮಕ್ಕಳಿಂದ ದೂರವಿಡುವುದೇ ಲೇಸು. ನೀರಿನ ಅಕ್ರಿಲಿಕ್ ಮತ್ತು ಕುಂಚ ಮಕ್ಕಳಿಗೆ ಸಾಕು.

ಪ್ರಶ್ನೆ: ಪ್ರತಿಮೆಯನ್ನು ಹೊರಗೆ ಇಡಬಹುದೇ?

ಉತ್ತರ: ಇಡಬಹುದು. ಅಕ್ರಿಲಿಕ್ ಮುಟ್ಟಿದರೆ ಒಂದೆರಡು ಗಂಟೆಯಲ್ಲೇ ಒಣಗಿದಂತೆ ತೋರಿದರೂ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕಾಗುವುದರಿಂದ ಅಲ್ಲಿಯವರೆಗೆ ಮಳೆಗೆ ಒಡ್ಡದಿರಿ. ಅತಿನೇರಳೆ ಕಿರಣಗಳನ್ನು ತಡೆಯುವ, ಹೊಳಪಿಲ್ಲದ ವಾರ್ನಿಷನ್ನು ಕೊನೆಗೆ ಹಚ್ಚಿ. ಹೊಳಪಿನ ವಾರ್ನಿಷ್ ಹುರುಪೆಗಳ ಮೇಲೆ ಬೆಳಕನ್ನು ಚೆಲ್ಲಿ ನೀವು ಕಷ್ಟಪಟ್ಟು ಮಾಡಿದ ಛಾಯೆಗಳನ್ನೆಲ್ಲ ಕೆಡಿಸುತ್ತದೆ. ತುಕ್ಕು ಹೆಚ್ಚಾಗಿ ಶುರುವಾಗುವುದು ಪಾದಗಳಲ್ಲಿ, ನೀರು ನಿಲ್ಲುವ ಉಗುರುಸಂದಿಗಳಲ್ಲಿ. ಪ್ರತಿಮೆಯನ್ನು ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಿ, ಟೊಳ್ಳು ಕಾಲುಗಳ ತಳದಲ್ಲಿ ನೀರು ಹೊರಹೋಗಲು ಒಂದೊಂದು ಸಣ್ಣ ತೂತು ಕೊರೆಸಿ, ಆ ತೂತಿನ ಅಂಚಿಗೂ ಪ್ರೈಮರ್ ಹಚ್ಚಿರಿ.