ಲಾಗಿನ್ ಪುಟ ಆಮೇಲೆ, ಮೊದಲು ಈ ಒಂದು ಪ್ರಶ್ನೆ

ನಾಲ್ಕು ಜನ ಸೇರಿ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಫೈಲ್ ಹಂಚಿಕೊಳ್ಳುವ ಸಾಫ್ಟ್‌ವೇರ್ ಮಾಡಬೇಕು, ಲಾಗಿನ್ ಪುಟದಿಂದ ಶುರು ಮಾಡೋಣವಾ ಡೇಟಾಬೇಸ್‌ನಿಂದಲಾ ಎಂದು ಕೇಳಿದ್ದೀರಿ. ಎರಡೂ ಬೇಡ. ಒಂದು ಹಾಳೆ ತಗೊಂಡು ಕೂತು, ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಏನಾಗಬೇಕು ಅಂತ ಬರೆಯಿರಿ.

ನನ್ನ ಮೊದಲ ಕೆಲಸದಲ್ಲಿ ಎಲ್ಲರಿಗೂ ಸೇರಿ ಒಂದು ಫೋಲ್ಡರ್ ಇತ್ತು. ಅದರಲ್ಲಿದ್ದ ದರಪಟ್ಟಿಯನ್ನು ಸಹೋದ್ಯೋಗಿಯೂ ನಾನೂ ತೆರೆದಿದ್ದೆವು. ಅವರು ನಲವತ್ತು ಸಾಲು ತಿದ್ದಿ ಸೇವ್ ಮಾಡಿದರು. ನಾನು ಒಂದೇ ಒಂದು ಅಂಕಿ ಬದಲಿಸಿ ಆಮೇಲೆ ಸೇವ್ ಮಾಡಿದೆ. ಅವರ ನಲವತ್ತೂ ಸಾಲು ಹೋಯಿತು. ಸಂಜೆಯವರೆಗೂ ಅವರು ಅದನ್ನೇ ಮತ್ತೆ ಟೈಪ್ ಮಾಡುತ್ತಾ ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇದಕ್ಕೆ ಬೀಗ ಹಾಕುವುದು ಒಂದು ದಾರಿ. ಒಬ್ಬರು ತೆರೆದರೆ ಉಳಿದವರು ಓದಬಹುದು ಅಷ್ಟೇ. ಆದರೆ ಬೀಗ ಹಾಕಿದವರು ಹಾಗೇ ಮನೆಗೆ ಹೋಗಿಬಿಟ್ಟರೆ? ಅದಕ್ಕೊಂದು ಅವಧಿ, ಅದನ್ನು ತೆಗೆಯಲು ಒಬ್ಬ ಅಡ್ಮಿನ್, ಇವೆಲ್ಲ ಬೇಕಾಗುತ್ತೆ. ನಾನಾದರೆ ಇನ್ನೊಂದು ದಾರಿ ಹಿಡಿಯುತ್ತೇನೆ. ಹಳೆಯದರ ಮೇಲೆ ಎಂದೂ ಬರೆಯಬೇಡಿ, ಪ್ರತಿ ಸೇವ್‌ಗೂ ಹೊಸ ಆವೃತ್ತಿ ಇಡಿ. ಅಪ್‌ಲೋಡ್ ಮಾಡುವಾಗ "ನಾನು 7ನೇ ಆವೃತ್ತಿಯಿಂದ ಶುರು ಮಾಡಿದ್ದೆ" ಎಂಬುದನ್ನೂ ಕಳಿಸಿ. ಸರ್ವರ್‌ನಲ್ಲಿ ಆಗಲೇ 8 ಇದ್ದರೆ ಇದನ್ನು ಬೇರೆ ಪ್ರತಿಯಾಗಿ ಉಳಿಸಿ, ಇಬ್ಬರಿಗೂ ತಿಳಿಸಿ. ಫೈಲ್ ಹಂಚಿಕೊಳ್ಳುವ ಡ್ರಾಪ್‌ಬಾಕ್ಸ್ ಕೂಡ ಇಂಥ ಹೊತ್ತಲ್ಲಿ ಬೇರೆ ಪ್ರತಿಯನ್ನೇ ಮಾಡಿಡುತ್ತೆ.

ಗೂಗಲ್ ಡಾಕ್ಸ್ ಥರ ಎಲ್ಲರೂ ಒಟ್ಟಿಗೆ ಟೈಪ್ ಮಾಡುವುದಕ್ಕೆ ದಯವಿಟ್ಟು ಕೈ ಹಾಕಬೇಡಿ. ಅದಕ್ಕೆ ಬೇಕಾದ ಆಪರೇಷನಲ್ ಟ್ರಾನ್ಸ್‌ಫರ್ಮೇಷನ್ (ಒಟ್ಟಿಗೆ ಮಾಡಿದ ತಿದ್ದುಪಡಿಗಳನ್ನು ಒಂದಕ್ಕೊಂದು ಹೊಂದಿಸುವ ವಿಧಾನ) ಬಗ್ಗೆ 1989ರಿಂದ ಸಂಶೋಧನೆ ನಡೆಯುತ್ತಿದೆ. ಅದೇ ಒಂದು ಬೇರೆ ಪ್ರಾಜೆಕ್ಟ್.

ಇನ್ನು ಹೆಸರಿನ ವಿಷಯ. ಇದನ್ನು ಸುಮಾರು ಜನ ಮರೆಯುತ್ತಾರೆ. 'ಕೋಲಾರ' ಅಂತ ಫೈಲ್‌ಗೆ ಹೆಸರಿಟ್ಟು ನೋಡಿ. 'ಕೋ'ದಲ್ಲಿರುವ ಓ ಚಿಹ್ನೆಯನ್ನು ಯುನಿಕೋಡ್‌ನಲ್ಲಿ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಮ್ಯಾಕ್‌ನಲ್ಲಿ ಫೈಲ್ ಇಡುವ ಹಳೆಯ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ತುಂಡು ಮಾಡಿ ಇಡುತ್ತಿತ್ತು. ನಮ್ಮ ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಂಗೆ ಮಾತ್ರ ಎರಡು ಫೈಲ್! ಹೆಸರು ಬಂದ ಕೂಡಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಸೇರಿಸಿ ಬರೆಯುವ ರೂಪಕ್ಕೆ, ಬದಲಿಸಿಕೊಳ್ಳಿ. ಉದ್ದಕ್ಕೂ ಮಿತಿ ಇದೆ. ಲಿನಕ್ಸ್‌ನಲ್ಲಿ ಫೈಲ್ ಇಡುವ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ಹೆಸರು 255 ಬೈಟ್ ದಾಟುವಂತಿಲ್ಲ. ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 'ಕ್ಷ' ಒಂದಕ್ಕೇ 9 ಬೈಟ್ ಹೋಗುತ್ತೆ. ಹಾಗಾಗಿ ಬಳಕೆದಾರ ಕೊಟ್ಟ ಹೆಸರು ಡೇಟಾಬೇಸ್‌ನಲ್ಲಿರಲಿ, ಡಿಸ್ಕ್‌ನಲ್ಲಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು) ಅನ್ನೇ ಹೆಸರಾಗಿ ಇಡಿ. ಒಂದೇ ಫೈಲನ್ನು ಹತ್ತು ಜನ ಹಾಕಿದರೂ ಜಾಗ ಹಿಡಿಯುವುದು ಒಂದರದ್ದೇ.

ಅನುಮತಿಗೆ ಮಾಲೀಕ, ತಿದ್ದುವವರು, ಓದುವವರು ಎಂಬ ಮೂರು ಹಂತ ಸಾಕು.

ಮೊದಲ ಮೂರು ವಾರ ಪುಟಗಳನ್ನು ಮುಟ್ಟಲೇಬೇಡಿ. ಎರಡು ಲ್ಯಾಪ್‌ಟಾಪ್ ಇಟ್ಟುಕೊಳ್ಳಿ. ಎರಡರಲ್ಲೂ ಒಂದೇ ಫೈಲ್ ಇಳಿಸಿ, ಒಂದರ ವೈಫೈ ಆಫ್ ಮಾಡಿ, ಎರಡೂ ಕಡೆ ತಿದ್ದಿ, ಆಮೇಲೆ ವೈಫೈ ಆನ್ ಮಾಡಿ. ಇಬ್ಬರ ಕೆಲಸವೂ ಉಳಿದಿದ್ದರೆ ಲಾಗಿನ್ ಪುಟಕ್ಕೆ ಹೋಗಿ. ಅಷ್ಟರಲ್ಲಿ ಡೇಟಾಬೇಸ್ ಟೇಬಲ್‌ಗಳ ಚಿತ್ರ ಬರೆದಿದ್ದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.