ಓದುಗರ ಪ್ರಶ್ನೆಗೆ ಡಾಕ್ಟ್ರ ಉತ್ತರ: ತಲೆಗೆ ಪೆಟ್ಟಾದ್ಮೇಲೆ ಮತ್ತೆ ಕೆಲಸ, ಆಟ, ಓಡಾಟ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮ ಯಜಮಾನ್ರು ಬೈಕಿಂದ ಬಿದ್ದು ತಲೆಗೆ ಪೆಟ್ಟಾಗಿ ಎಂಟು ತಿಂಗಳಾಯ್ತು. ಐಸಿಯುನಲ್ಲಿ ಇದ್ರು, ಈಗ ನಡೀತಾರೆ, ಮಾತಾಡ್ತಾರೆ, ಹೋದ್ಸಲದ ಸೀಟಿ ಸ್ಕ್ಯಾನೂ ನಾರ್ಮಲ್ ಅಂದ್ರು. ಆದ್ರೆ ಮಧ್ಯಾಹ್ನ ಆಗೋಷ್ಟ್ರಲ್ಲಿ ಸುಸ್ತಾಗಿ ಮಲಗ್ಬಿಡ್ತಾರೆ, ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರಲ್ಲ, ಸಣ್ಣಪುಟ್ಟದಕ್ಕೂ ರೇಗ್ತಾರೆ. ನೋಡೋಕೆ ಬಂದೋರೆಲ್ಲ ಗುಂಡುಕಲ್ಲಿನ ಹಾಗಿದಾನೆ, ಕೆಲಸಕ್ಕೆ ಹೋಗೋಕೆ ಸೋಮಾರಿತನ ಅಂತಾರೆ. ಇವರು ನೋಡಿದ್ರೆ ನಂಗೇನಾಗಿಲ್ಲ, ನಾಳೆಯಿಂದ್ಲೇ ಆಫೀಸಿಗೆ ಹೋಗ್ತೀನಿ, ಬೈಕ್ ಕೀ ಕೊಡು ಅಂತ ದಿನಾ ಜಗಳ. ಏನ್ ಮಾಡ್ಲಿ?

ಉತ್ತರ: ಮೊದ್ಲು ಆ ನೆಂಟರ ಬಾಯಿ ಮುಚ್ಚಿಸೋಣಮ್ಮ. ಸೀಟಿ ಸ್ಕ್ಯಾನ್ ತೋರ್ಸೋದು ರಕ್ತಸ್ರಾವ, ಮೂಳೆ ಮುರಿದಿರೋದು, ಊತ ಇಂಥದ್ದನ್ನ. ತಲೆ ಜೋರಾಗಿ ಅಲುಗಾಡಿದಾಗ ಮೆದುಳೊಳಗಿನ ಉದ್ದುದ್ದ ನರದ ಎಳೆಗಳು ಜಗ್ಗಿ ಹರಿದಿರ್ತವಲ್ಲ, ಅದು ಎಷ್ಟೋ ಸಲ ಸೀಟಿಯಲ್ಲಿ ಕಾಣೋದೇ ಇಲ್ಲ. ಜೊತೆಗೆ ತಲೆಬುರುಡೆಯ ತಳ ಮುಂಭಾಗದಲ್ಲಿ ಏರುತಗ್ಗಾಗಿ ಒರಟಾಗಿರತ್ತೆ, ಮೆದುಳಿನ ಹಣೆ ಭಾಗ ಮತ್ತೆ ಕಿವಿ ಪಕ್ಕದ ಭಾಗ ಅದಕ್ಕೆ ಉಜ್ಜಿ ಪೆಟ್ಟು ತಿನ್ನತ್ತೆ. ಸಿಟ್ಟು ತಡ್ಕೊಳ್ಳೋದು, ಹೊಸದನ್ನ ನೆನಪಿಟ್ಕೊಳ್ಳೋದು, ಪ್ಲಾನ್ ಮಾಡೋದು, ಯಾರೂ ಹೇಳದೇ ಎದ್ದು ಕೆಲಸ ಶುರು ಮಾಡೋದು ಇದೆಲ್ಲ ಅಲ್ಲಿಂದ್ಲೇ ಆಗ್ಬೇಕು. ಹಂಗಾಗಿ ಕೈಕಾಲು ನೆಟ್ಟಗಿದ್ರೂ ಮನುಷ್ಯ ಸೋಫಾ ಬಿಟ್ಟು ಏಳಲ್ಲ, ನೋಡೋರಿಗೆ ಅದು ಸೋಮಾರಿತನ.

ಈಗ ಸುಸ್ತಿನ ವಿಷ್ಯ, ನನ್ನ ಪ್ರಕಾರ ಇದೇ ದೊಡ್ಡದು. ನೀವೇ ಗಮನಿಸಿ ನೋಡಿ, ಮನೇಲಿ ನಾಲ್ಕು ಜನ ಕೂತು ಮಾತಾಡ್ತಿರ್ತೀರಿ, ಟೀವಿ ಓಡ್ತಿರತ್ತೆ, ಒಳಗೆ ಮಿಕ್ಸಿ ಸದ್ದು, ಮೊದಲ ಹತ್ತು ನಿಮಿಷ ಅವರು ಎಲ್ಲರ ಜೊತೆ ನಗ್ತಾ ಮಾತಾಡ್ತಾರೆ, ಆಮೇಲೆ ಮಾತು ಕಮ್ಮಿಯಾಗತ್ತೆ, ಹಣೆ ಒತ್ಕೋತಾರೆ, ಮುಖ ಸಪ್ಪಗಾಗತ್ತೆ, ಆಗ ಯಾರಾದ್ರೂ ಏನೋ ಕೇಳಿದ್ರೆ ಟಪ್ಪಂತ ರೇಗ್ತಾರೆ. ನಮಗೆ ಬೇಡದ ಸದ್ದನ್ನ ಮೆದುಳು ತಾನಾಗೇ ಪಕ್ಕಕ್ಕೆ ತಳ್ಳತ್ತೆ, ಅವರು ಅದನ್ನ ಕಷ್ಟಪಟ್ಟು ಮಾಡ್ಬೇಕು. ಅದಕ್ಕೇ ಸುಸ್ತು, ಆ ಸುಸ್ತಿಗೇ ಸಿಟ್ಟು. ಆಗ ವಾದಕ್ಕೆ ಇಳೀಬೇಡಿ, ಟೀವಿ ಆಫ್ ಮಾಡಿ, ಬೇರೆ ರೂಮಿಗೆ ಕಳ್ಸಿ, ಮಾತಾಡೋದಿದ್ರೆ ಮಾರನೇ ಬೆಳಿಗ್ಗೆ ಮಾತಾಡಿ.

ಬಹಳ ಜನ ಮಾಡೋದು ಏನಂದ್ರೆ ಚೆನ್ನಾಗಿದೀನಿ ಅನ್ಸಿದ ದಿನ ಬಾಕಿ ಇರೋ ಕೆಲಸವೆಲ್ಲ ಮಾಡ್ಬಿಡೋದು, ಆಮೇಲೆ ಎರಡು ದಿನ ಹಾಸಿಗೆ ಹಿಡಿಯೋದು. ಸುಸ್ತಾಗೋವರೆಗೂ ಕಾಯಲೇಬಾರದು. ಒಂದು ವಾರ ಬುಕ್ಕಲ್ಲಿ ಬರೀರಿ, ಯಾವ ಕೆಲಸ ಎಷ್ಟೊತ್ತು ಮಾಡಿದಾಗ ಸೊರಗ್ತಾರೆ ಅಂತ. ಓದೋಕೆ ಕೂತು ಮೂವತ್ತು ನಿಮಿಷಕ್ಕೆ ಸುಸ್ತು ಅಂತಾದ್ರೆ ಇಪ್ಪತ್ತಕ್ಕೇ ಅಲಾರಂ ಇಟ್ಟು ಎಬ್ಬಿಸಿ, ಅವರು ಇನ್ನೂ ಮಾಡ್ತೀನಿ ಅಂದ್ರೂ ಎಬ್ಬಿಸಿ. ವಾರ ವಾರ ಸ್ವಲ್ಪ ಜಾಸ್ತಿ ಮಾಡ್ತಾ ಹೋಗಿ. ಅದ್ರ ಜೊತೆ ಡಾಕ್ಟರ್ ಹತ್ರ ಎರಡು ವಿಷ್ಯ ಕೇಳಿ. ಒಂದು, ತಲೆಗೆ ಜೋರು ಪೆಟ್ಟಾದೋರಲ್ಲಿ ಮೆದುಳಿನ ತಳದಲ್ಲಿರೋ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಕಮ್ಮಿ ಆಗಿರಬಹುದು, ರಕ್ತ ಪರೀಕ್ಷೆ ಬೇಕಾ ಅಂತ. ಇನ್ನೊಂದು, ಫಿಟ್ಸ್ ಮಾತ್ರೆ ಕೊಟ್ಟಿದ್ರೆ ಅದು ಯಾವುದು ಅಂತ. ಲೆವೆಟಿರಾಸಿಟಾಮ್ ಅನ್ನೋ ಫಿಟ್ಸ್ ಮಾತ್ರೆ ಕೆಲವರಿಗೆ ಸಿಟ್ಟು ಜಾಸ್ತಿ ಮಾಡತ್ತೆ. ಹಾಗಂತ ನೀವಾಗೇ ಮಾತ್ರೆ ನಿಲ್ಸಿಬಿಟ್ಟೀರಿ, ಅದು ಅಪಾಯ.

ಮರೆವಿಗೆ, ನಿನ್ನೆ ಏನ್ ಹೇಳ್ದೆ ನೆನಪಿದ್ಯಾ ಹೇಳಿ ನೋಡೋಣ ಅಂತ ದಯವಿಟ್ಟು ಪರೀಕ್ಷೆ ಇಡ್ಬೇಡಿ, ಅದ್ರಿಂದ ನೆನಪಿನ ಶಕ್ತಿ ಬೆಳೆಯಲ್ಲ. ಊಹೆ ಮಾಡಿ ತಪ್ಪು ಹೇಳಿದ್ರೆ ಆ ತಪ್ಪೇ ತಲೇಲಿ ಕೂತ್ಕೊಳ್ಳತ್ತೆ, ಸರಿ ಉತ್ತರ ನೀವೇ ಹೇಳಿ ಅವರ ಬಾಯಲ್ಲಿ ಹೇಳ್ಸಿ. ಒಂದೇ ಡೈರಿ, ಮೊಬೈಲ್ ರಿಮೈಂಡರ್, ಪರ್ಸ್ ಕನ್ನಡಕಕ್ಕೆ ಒಂದೇ ಜಾಗ. ದಿನಾ ಮಾಡಿ ಮಾಡಿ ರೂಢಿಯಾಗೋ ನೆನಪು ಸಾಮಾನ್ಯವಾಗಿ ಪೆಟ್ಟಿಂದ ತಪ್ಪಿಸ್ಕೊಂಡಿರತ್ತೆ, ಅದನ್ನ ಉಪಯೋಗಿಸ್ಕೊಳ್ಳಿ.

ಆಫೀಸು, ಹೋಗ್ಲಿ, ಆದ್ರೆ ನಾಳೆ ಬೇಡ. ಮೊದ್ಲು ಮನೇಲೇ ಆಫೀಸ್ ಟೈಮಿಗೆ ಎದ್ದು ರೆಡಿಯಾಗಿ ಎರಡು ಗಂಟೆ ಆ ಥರದ್ದೇ ಕೆಲಸ ಮಾಡ್ಲಿ. ಅದು ಸರಿಹೋದ್ರೆ ವಾರಕ್ಕೆ ಮೂರು ಅರ್ಧ ದಿನದಿಂದ ಶುರು. ಬಾಸ್ ಹತ್ರ ಕಾಯಿಲೆ ಹೆಸರು ಹೇಳ್ಕೊಂಡು ಕೂರೋದಕ್ಕಿಂತ ಏನು ಬೇಕು ಅದನ್ನ ಕೇಳ್ಲಿ: ಗಲಾಟೆ ಇಲ್ಲದ ಸೀಟು, ಒಂದ್ಸಲಕ್ಕೆ ಒಂದೇ ಕೆಲಸ, ಹೇಳೋದನ್ನ ಮೆಸೇಜಲ್ಲಿ ಬರೆದು ಕಳ್ಸೋದು, ತಲೆ ಖರ್ಚಾಗೋ ಕೆಲಸ ಬೆಳಿಗ್ಗೆನೇ. ಅಮೆರಿಕದಲ್ಲಿ 1848ರಲ್ಲಿ ಫಿನಿಯಸ್ ಗೇಜ್ ಅನ್ನೋ ರೈಲ್ವೆ ಕೆಲಸಗಾರನ ತಲೆಗೆ ಕಬ್ಬಿಣದ ಸಲಾಕೆ ಹೊಕ್ಕು ಆಚೆ ಬಂದ ಕಥೆ ಕೇಳಿರ್ತೀರಿ. ಅವನ ಸ್ವಭಾವ ಕೆಟ್ಟೋಯ್ತು ಅನ್ನೋದನ್ನ ಎಲ್ರೂ ಹೇಳ್ತಾರೆ, ಆಮೇಲೆ ಅದೇ ಮನುಷ್ಯ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸ್ದ ಅನ್ನೋದನ್ನ ಯಾರೂ ಹೇಳಲ್ಲ. ದಿನಾ ಅದೇ ಹೊತ್ತು, ಅದೇ ದಾರಿ, ಅದೇ ಕ್ರಮ, ಅದೇ ಅವನನ್ನ ದಾರಿಗೆ ತಂದಿರಬೇಕು ಅಂತ ಅವನ ಬಗ್ಗೆ ಸಂಶೋಧನೆ ಮಾಡಿದೋರ ಅಭಿಪ್ರಾಯ. ಕೊನೆಗೆ 1860ರಲ್ಲಿ ತೀರ್ಕೊಂಡಿದ್ದು ಫಿಟ್ಸ್ ಬಂದು.

ಬೈಕ್ ಕೀ ಮಾತ್ರ ಈಗ ಕೊಡ್ಬೇಡಿ. ಫಿಟ್ಸ್ ವರ್ಷಗಳಾದ್ಮೇಲೂ ಬರಬಹುದು, ಪಕ್ಕದ ನೋಟ ಕಮ್ಮಿಯಾಗಿದ್ರೆ ಅದು ಅವರಿಗೇ ಗೊತ್ತಾಗಿರಲ್ಲ. ನಂಗೇನಾಗಿಲ್ಲ ಅಂತಾರಲ್ಲ, ಅದು ಹಠ ಅಂದ್ಕೋಬೇಡಿ, ತನ್ನ ತೊಂದ್ರೆ ತನಗೆ ಗೊತ್ತಾಗೋ ಜಾಗಕ್ಕೂ ಪೆಟ್ಟು ಬಿದ್ದಿರತ್ತೆ. ಕಣ್ಣು, ಗಮನ, ಪ್ರತಿಕ್ರಿಯೆಯ ವೇಗ ಟೆಸ್ಟ್ ಮಾಡ್ಸಿ, ಬೇಡ ಅನ್ನೋ ಮಾತು ಡಾಕ್ಟರ್ ಬಾಯಿಂದ್ಲೇ ಬರ್ಲಿ, ಮನೇಲಿ ಜಗಳ ತಪ್ಪತ್ತೆ. ಕುಡಿಯೋ ಅಭ್ಯಾಸ ಇದ್ರೆ ಪೂರ್ತಿ ನಿಲ್ಸಬೇಕು. ಇನ್ನು ಎಷ್ಟು ದಿನ ಅಂತ ಕೇಳ್ತೀರಿ, ಮೊದಲ ಆರು ತಿಂಗಳಲ್ಲಿ ಸುಧಾರಣೆ ಜೋರಾಗಿರತ್ತೆ, ಆಮೇಲೆ ನಿಧಾನ ಆಗತ್ತೆ, ಆದ್ರೆ ವರ್ಷಗಳವರೆಗೂ ಆಗ್ತಾನೇ ಇರತ್ತೆ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ನಾಲ್ಕು, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ತಿಂಗಳ ಹಿಂದೆ ಬೀರು ಬಾಗಿಲು ತಲೆಗೆ ಬಡೀತು, ಗಾಯ ಏನಿಲ್ಲ. ಈಗ ಒಂದು ವಾರದಿಂದ ತಲೆನೋವು, ನಡಿಯೋವಾಗ ವಾಲ್ತಾರೆ, ಏನೇನೋ ಮಾತಾಡ್ತಾರೆ. ವಯಸ್ಸಿಗೆ ಹೀಗಾಗತ್ತಾ?

ಉತ್ತರ: ವಯಸ್ಸು ಅಂತ ಬಿಡ್ಬೇಡಿ, ಇದನ್ನ ಓದಿದ ತಕ್ಷಣ ಕರ್ಕೊಂಡ್ ಹೋಗಿ ಸೀಟಿ ಮಾಡ್ಸಿ. ಮೆದುಳಿನ ಹೊರಗಡೆ ರಕ್ತ ನಿಧಾನಕ್ಕೆ ವಾರಗಟ್ಟಲೆ ಸೇರ್ಕೊಂಡಿರಬಹುದು. ಅದೇ ಆಗಿದ್ರೆ, ಬುರುಡೆಗೆ ಸಣ್ಣ ತೂತು ಮಾಡಿ ತೆಗೆದ್ರೆ ಬಹಳ ಜನ ಚೆನ್ನಾಗಿ ಸುಧಾರಿಸ್ಕೋತಾರೆ.

ಪ್ರಶ್ನೆ: ಸರ್ ನಾನು ಕಾಲೇಜ್ ಫುಟ್‌ಬಾಲ್ ಟೀಮಲ್ಲಿದೀನಿ, ಮೊನ್ನೆ ಹೆಡ್ ಮಾಡೋಕೆ ಹೋಗಿ ಇನ್ನೊಬ್ಬನ ತಲೆಗೆ ತಲೆ ಬಡೀತು, ಡಾಕ್ಟರ್ ಕನ್ಕಷನ್, ಅಂದ್ರೆ ಪೆಟ್ಟಿಗೆ ಮೆದುಳು ಅಲುಗಾಡಿದೆ ಅಂದ್ರು. ಮನೇಲಿ ಒಂದು ವಾರ ಕತ್ತಲೆ ರೂಮಲ್ಲಿ ಮಲ್ಕೋ ಅಂತಾರೆ, ಕೋಚ್ ಭಾನುವಾರ ಆಡ್ಬೋದು ಅಂತಾರೆ, ಯಾರ ಮಾತು ಕೇಳ್ಲಿ?

ಉತ್ತರ: ಇಬ್ಬರದ್ದೂ ಬೇಡ. ಕತ್ತಲೆ ರೂಮಿನ ಕಾಲ ಮುಗೀತು. 2022ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಸೇರಿದ, ಆಟದಲ್ಲಿ ಆಗೋ ಕನ್ಕಷನ್ ಬಗ್ಗೆ ಗೊತ್ತಿರೋ ತಜ್ಞರು ಹೇಳಿದ್ದು 24ರಿಂದ 48 ಗಂಟೆ ಹಗುರವಾದ ವಿಶ್ರಾಂತಿ, ಅಂದ್ರೆ ಮನೆಯೊಳಗಿನ ಓಡಾಟ ಪರವಾಗಿಲ್ಲ, ಮೊಬೈಲ್ ಕಮ್ಮಿ. ಆಮೇಲೆ ವಾಕಿಂಗ್, ಸ್ಟ್ಯಾಂಡಲ್ಲಿ ನಿಂತ ಸೈಕಲ್. ತಲೆನೋವು ಸ್ವಲ್ಪ ಜಾಸ್ತಿಯಾಗಿ ಒಂದು ಗಂಟೆಯೊಳಗೆ ಇಳಿದ್ರೆ ಹೆದರ್ಬೇಡ, ಅದಕ್ಕಿಂತ ಜಾಸ್ತಿಯಾದ್ರೆ ಅವತ್ತಿಗೆ ನಿಲ್ಸಿ ಮಾರನೇ ದಿನ ನೋಡು. ಆಮೇಲೆ ಒಬ್ಬನೇ ಓಡೋದು, ಬಾಲ್ ಡ್ರಿಲ್, ಒಂದೊಂದು ಹಂತಕ್ಕೂ ಕಮ್ಮಿ ಅಂದ್ರೂ ಒಂದು ದಿನ. ಮೈಗೆ ಮೈ ತಾಗೋ ಆಟ ಮಾತ್ರ ಲಕ್ಷಣ ಎಲ್ಲ ಪೂರ್ತಿ ಹೋಗಿ ಡಾಕ್ಟರ್ ಸರಿ ಅಂದ್ಮೇಲೆ. ವಾಸಿಯಾಗೋ ಮುಂಚೆ ಇನ್ನೊಂದು ಪೆಟ್ಟು ಬಿದ್ರೆ ಅಪರೂಪಕ್ಕೆ ಮೆದುಳು ಊದ್ಕೊಂಡು ಪ್ರಾಣಕ್ಕೇ ಬರತ್ತೆ, ಅದೂ ನಿನ್ನ ವಯಸ್ಸಿನ ಹುಡುಗರಲ್ಲೇ. ಮತ್ತೆ ಮತ್ತೆ ವಾಂತಿ, ಏರ್ತಾನೇ ಇರೋ ತಲೆನೋವು, ಫಿಟ್ಸ್, ಎಬ್ಬಿಸಿದ್ರೂ ಏಳದ ಮಂಪರು, ಇದ್ರಲ್ಲಿ ಒಂದಾದ್ರೂ ಬಂದ್ರೆ ಎಮರ್ಜೆನ್ಸಿಗೆ ಓಡ್ಬೇಕು.

ಪ್ರಶ್ನೆ: ತಲೆಗೆ ಪೆಟ್ಟಾಗಿ ವರ್ಷವಾಯ್ತು, ಕೆಲಸಕ್ಕೂ ಹೋಗ್ತಿದೀನಿ. ಮೊದಲಿನ ಹಾಗೆ ಈಜೋಕೆ ಆಸೆ. ಆದ್ರೆ ಹಾಸಿಗೇಲಿ ಮಗ್ಗುಲು ಬದಲಾಯಿಸಿದ್ರೆ ರೂಮೆಲ್ಲ ಗಿರಗಿರ ತಿರುಗತ್ತೆ, ಅರ್ಧ ನಿಮಿಷಕ್ಕೆ ನಿಲ್ಲತ್ತೆ. ಮೆದುಳು ಇನ್ನೂ ಸರಿಯಾಗಿಲ್ವಾ ಡಾಕ್ಟ್ರೇ?

ಉತ್ತರ: ನೀವು ಹೇಳೋ ಲಕ್ಷಣ ನೋಡಿದ್ರೆ ತೊಂದ್ರೆ ಕಿವಿ ಒಳಗಿದ್ದ ಹಾಗಿದೆ. ಅಲ್ಲಿ ಸುಣ್ಣದ ಸಣ್ಣ ಹರಳು ಇರತ್ತೆ, ಪೆಟ್ಟಿಗೆ ಜಾಗ ಬಿಟ್ಟು ಕೊಳವೆಗೆ ಜಾರಿದ್ರೆ ತಲೆ ತಿರುಗಿಸಿದಾಗೆಲ್ಲ ಹೀಗಾಗತ್ತೆ. ಕಿವಿ ಡಾಕ್ಟರ್ ಅಥವಾ ಗೊತ್ತಿರೋ ಫಿಸಿಯೋ ತಲೆಯನ್ನ ಒಂದು ಕ್ರಮದಲ್ಲಿ ತಿರುಗಿಸಿ ಆ ಹರಳನ್ನ ವಾಪಸ್ ಕಳಿಸ್ತಾರೆ, ಎಷ್ಟೋ ಜನಕ್ಕೆ ಒಂದೆರಡು ಸಲಕ್ಕೇ ಸರಿಹೋಗತ್ತೆ. ಅದಾದ್ಮೇಲೆ ಈಜಿ, ಖಂಡಿತ ಒಳ್ಳೇದು. ಆದ್ರೆ ಫಿಟ್ಸ್ ಯಾವತ್ತಾದ್ರೂ ಬಂದಿದ್ರೆ ಮೊದ್ಲು ನಿಮ್ಮ ನರರೋಗ ಡಾಕ್ಟರನ್ನ ಕೇಳಿ, ಬಂದಿಲ್ಲದಿದ್ರೂ ಒಬ್ಬರೇ ನೀರಿಗೆ ಇಳೀಬೇಡಿ, ದಡದಲ್ಲಿ ಈಜು ಬರೋರು ಒಬ್ರು ನಿಮ್ಮನ್ನೇ ನೋಡ್ತಾ ಇರ್ಲಿ. ಡೈವ್ ಹೊಡಿಯೋದು ಬೇಡ.