ಸೆಲ್ಫ್ ಚೆಕ್-ಇನ್ ಕೂಡ ಇನ್ನೋವೇಶನ್ನಾ?

ಸೀಟು ಆರಿಸಿ, ವಿಮಾನ ಹತ್ತಲು ಬೇಕಾದ ಬೋರ್ಡಿಂಗ್ ಪಾಸ್ ಕೊಡುವ ಏರ್‌ಪೋರ್ಟ್ ಕೌಂಟರಿನವರ ಕೆಲಸವನ್ನು ಮಷಿನ್ ಇಟ್ಟು ನಮ್ಮ ಕೈಲೇ ಮಾಡಿಸುವುದಕ್ಕೆ ಇನ್ನೋವೇಶನ್ ಅನ್ನಬಹುದಾ ಅಂತ ಕೇಳಿದ್ದೀರಿ. ಅನ್ನಬಹುದು. ಆದರೆ ಹೊಸತನ ಇರುವುದು ಆ ಮಷಿನ್‌ನಲ್ಲಿ ಅಲ್ಲ.

ಟಚ್ ಸ್ಕ್ರೀನು, ಪ್ರಿಂಟರು ಮೊದಲೇ ಇದ್ದವು. ಅಮೆರಿಕದಲ್ಲಿ ಇಂಥ ಚೆಕ್-ಇನ್ ಮಷಿನ್‌ಗಳು (ಕಿಯೋಸ್ಕ್) 1990ರ ದಶಕದಲ್ಲೇ ಬಂದವು. ನಿಜವಾದ ಬದಲಾವಣೆ ಆಗಿದ್ದು ನಮ್ಮ ಕಣ್ಣಿಗೆ ಕಾಣದ ಕಡೆ. ಐಎಟಿಎ ಎಂಬ ಅಂತರರಾಷ್ಟ್ರೀಯ ವಿಮಾನ ಕಂಪನಿಗಳ ಒಕ್ಕೂಟದ ಏರ್‌ಲೈನ್‌ಗಳು 2008ರ ಜೂನ್‌ನಿಂದ ಕಾಗದದ ಟಿಕೆಟ್ ಬಿಟ್ಟು ಇ-ಟಿಕೆಟ್‌ಗೆ ಬಂದವು. ಬೋರ್ಡಿಂಗ್ ಪಾಸ್‌ಗೆ ಒಂದೇ ನಮೂನೆಯ ಬಾರ್‌ಕೋಡ್ ಒಪ್ಪಿಕೊಂಡವು. ಅದಕ್ಕೇ ಈಗ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲೇ ಚೆಕ್-ಇನ್ ಮಾಡಿ, ಗೋವಾದ ದಾಬೋಳಿ ಏರ್‌ಪೋರ್ಟಿನಲ್ಲಿ ನೇರ ಸೆಕ್ಯುರಿಟಿ ಸಾಲಿಗೆ ಹೋಗಬಹುದು. ಹಳೆಯ ಕೆಲಸವನ್ನು ಬೇರೆ ರೀತಿ ಜೋಡಿಸುವುದೂ ಇನ್ನೋವೇಶನ್ನೇ ಅಲ್ವಾ?

ಲಾಭ ಯಾರಿಗೆ ಅನ್ನೋದು ಬೇರೆ ಮಾತು. ಒಂದೇ ಬ್ಯಾಗ್ ಹಿಡಿದು ಹೋಗುವವರಿಗೆ ಸಮಯ ಉಳಿಯುತ್ತದೆ. ಶಿರಸಿಯಿಂದ ಮಗನ ಮನೆಗೆ ಹೊರಟ ಅಜ್ಜಿಗೆ? ಎರಡು ಸ್ಕ್ರೀನ್ ದಾಟುವಷ್ಟರಲ್ಲಿ ಕಿಟಕಿ ಸೀಟಿಗೆ ದುಡ್ಡು ಕೇಳುತ್ತದೆ. ಬೇಡ ಅನ್ನುವ ಬಟನ್ ಎಲ್ಲೋ ಮೂಲೆಯಲ್ಲಿ. "ಅಮ್ಮಾ, ಉಪ್ಪಿನಕಾಯಿ ಡಬ್ಬಿ ಕೈಚೀಲದಲ್ಲಿ ಬೇಡ, ಸೆಕ್ಯುರಿಟಿಯಲ್ಲಿ ತೆಗೆಸ್ತಾರೆ, ದೊಡ್ಡ ಲಗೇಜಿಗೆ ಹಾಕಿ" ಅಂತ ಕೌಂಟರಿನವರಾದರೆ ಹೇಳುತ್ತಾರೆ. ಮಷಿನ್ ಅಪ್ಪೆಮಿಡಿ ಉಪ್ಪಿನಕಾಯಿಯ ಗೊಡವೆಗೇ ಹೋಗುವುದಿಲ್ಲ.

ಇನ್ನೊಂದು ವಿಷಯ. ನಮ್ಮ ದೇಶದ ಕೆಲವು ಏರ್‌ಲೈನ್‌ಗಳು ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು 200 ರೂಪಾಯಿ ತೆಗೆದುಕೊಳ್ಳುತ್ತಿದ್ದವು. ಅದು ಇನ್ನೋವೇಶನ್ ಅಲ್ಲ, ಬರೀ ವಸೂಲಿ. ಹಾಗೆ ಜಾಸ್ತಿ ದುಡ್ಡು ಕೇಳಬಾರದು ಎಂದು 2022ರ ಜುಲೈನಲ್ಲಿ ವಿಮಾನಯಾನ ಸಚಿವಾಲಯ ಹೇಳಿತು. ಮಷಿನ್ ಒಗ್ಗದಿದ್ದರೆ ಸುಮ್ನೆ ಕೌಂಟರಿಗೆ ಹೋಗಿ.